ಫೈನಲ್ ಫ್ಯಾಂಟಸಿ 8: ಲೆವೆಲ್ ಏರಿಸಿದಷ್ಟೂ ಕಷ್ಟ ಆಗೋ ಗೇಮನ್ನ ಆಡ್ಲಾ, ಬಿಡ್ಲಾ?

ಪ್ರಶ್ನೆ: ಅಣ್ಣಾ ನಮಸ್ಕಾರ. ನಾನು ಚಿತ್ರದುರ್ಗದವನು, ಡಿಗ್ರಿ ಎರಡನೇ ವರ್ಷ. ಫೈನಲ್ ಫ್ಯಾಂಟಸಿ 7 ಮುಗಿಸಿದ ಖುಷೀಲಿ 8ರ ರೀಮಾಸ್ಟರ್ಡ್ ತಗೊಂಡೆ. ಈಗ ಮರಳುಗಾಡಿನ ಜೈಲಿಗೆ ಬಂದಿದೀನಿ, ಹೀರೋ ಸ್ಕ್ವಾಲ್ ಲೆವೆಲ್ 38. ಎಷ್ಟು ಲೆವೆಲ್ ಏರಿಸಿದ್ರೂ ಮಾನ್ಸ್ಟರ್‌ಗಳು ಗಟ್ಟಿ ಆಗ್ತಾನೇ ಇದಾವೆ, ಮಾಮೂಲಿ ಫೈಟಿಗೂ ಐದೈದು ನಿಮಿಷ ಹಿಡೀತಿದೆ. ಮ್ಯಾಜಿಕ್ ಡ್ರಾ ಮಾಡಿ ಮಾಡಿ ಸಾಕಾಗಿದೆ. ಕೆಲವರು ಇದೇ ಬೆಸ್ಟ್ ಅಂತಾರೆ, ಕೆಲವರು ಇಡೀ ಸೀರೀಸಲ್ಲಿ ಇದೇ ಕೆಟ್ಟದ್ದು ಅಂತಾರೆ. ನೀವು ಹಳೇ ಪ್ಲೇಸ್ಟೇಷನ್ ಕಾಲದಿಂದ ಆಡ್ತಿರೋರು, ನೀವೇ ಹೇಳಿ. ಮೊದಲಿಂದ ಶುರು ಮಾಡ್ಲಾ, ಬಿಟ್ಟು ಬಿಡ್ಲಾ?

ಉತ್ತರ:

ತಮ್ಮಾ, ಬಿಡಬೇಡ, ಮೊದಲಿಂದನೂ ಶುರು ಮಾಡಬೇಡ. ನಿನ್ನ ಲೆವೆಲ್ 38ರ ಸೇವ್ ಹಾಳಾಗಿಲ್ಲ, ಸರಿ ಮಾಡ್ಕೋಬಹುದು, ಹೆಂಗೆ ಅಂತ ಮುಂದೆ ಹೇಳ್ತೀನಿ. ಆದ್ರೆ ಮೊದಲು ನಿನ್ನ ಮನಸಲ್ಲಿ ಒಂದು ಮಾತು ಕೂರಬೇಕು, ನೀನು ಇಲ್ಲಿತನಕ ಆಡಿದ್ದು ಫೈನಲ್ ಫ್ಯಾಂಟಸಿ 7, ಬರೀ ಮುಂದೆ ಕಾಣಿಸ್ತಿರೋ ಚಿತ್ರ 8ರದ್ದು ಅಷ್ಟೇ. ಇದು ನಿನ್ನ ತಪ್ಪಲ್ಲ, ನಾನೂ ಮೊದಲ ಸಲ ಹಂಗೇ ಆಡಿದ್ದು.

ದಾವಣಗೆರೆ ಅಶೋಕ ರೋಡ್ ಕಡೆ ನಮ್ಮದೊಂದು ಸಣ್ಣ ಗೇಮ್ ಪಾರ್ಲರ್ ಇತ್ತು, 2002-03ರ ಮಾತು, ನಾಲ್ಕು ಟಿವಿ, ನಾಲ್ಕು ಹಳೇ ಪ್ಲೇಸ್ಟೇಷನ್. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಬರೋ ಹುಡುಗ್ರಿಗೆ ಕುಸ್ತಿ ಗೇಮು ಕಾರ್ ಗೇಮು ಫೈಟಿಂಗ್ ಗೇಮೇ ಬೇಕು, ನಲವತ್ತು ಐವತ್ತು ಗಂಟೆ ಕೂತು ಓದ್ಕೊಂಡು ಆಡೋ ಗೇಮು ಯಾರಿಗೆ ಬೇಕಿತ್ತು. ಹಂಗಾಗಿ ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ನಾನೊಬ್ನೇ ಆಡ್ತಿದ್ದೆ. ಒಟ್ಟು 4 ಸಿಡಿ. ಬೇಸಿಗೇಲಿ ಹೇಳದೆ ಕೇಳದೆ ಕರೆಂಟ್ ಹೋಗೋದು, ಸೇವ್ ಪಾಯಿಂಟ್ ಸಿಕ್ಕಿರಲ್ಲ, ಒಂದೂವರೆ ಗಂಟೆ ಆಡಿದ್ದು ಮಣ್ಣುಪಾಲು. ಮೂರನೇ ಸಿಡಿ ಒಂದು ಜಾಗದಲ್ಲಿ ಕಪ್ಪಾಗಿ ನಿಂತು ಬಿಡ್ತಿತ್ತು, ಬೇರೆ ಸಿಡಿ ಸಿಗೋ ತನಕ ನಾಲ್ಕು ತಿಂಗಳು ಕಾದಿದೀನಿ. ಆ ನಾಲ್ಕು ತಿಂಗಳಲ್ಲಿ ಸಿಕ್ಕಿದ ಮಾನ್ಸ್ಟರ್‌ನೆಲ್ಲ ಹೊಡೆದು ಲೆವೆಲ್ 70 ದಾಟಿಸಿದ್ದೆ, ಏನೋ ಸಾಧನೆ ಮಾಡಿದೆ ಅನ್ಕೊಂಡಿದ್ದೆ. ಹೊಸ ಸಿಡಿ ಬಂದ ಮೇಲೆ ನೋಡಿದ್ರೆ ದಾರೀಲಿ ಸಿಗೋ ಸಣ್ಣ ಪ್ರಾಣಿನೂ ಮೂರು ಜನರನ್ನ ಮಲಗಿಸ್ತೈತೆ. ನಿನ್ನ ಪ್ರಶ್ನೆ ಓದಿದಾಗ ಆ ರಾತ್ರಿನೇ ನೆನಪಾಯ್ತು.

ವಿಷಯ ಏನಪ್ಪಾ ಅಂದ್ರೆ, ನಮ್ಮ ಕಡೆ ಕುಸ್ತಿ ಬಿಡುವಾಗ ಜೋಡಿ ನೋಡಿ ಬಿಡ್ತಾರಲ್ಲ, ಈ ಗೇಮೂ ಹಂಗೇ ಜೋಡಿ ನೋಡಿ ಬಿಡುತ್ತೆ. ನಿನ್ನ ಮೂವರ ಲೆವೆಲ್ಲಿನ ಸರಾಸರಿ ಎಷ್ಟೋ ಅದರ ಲೆಕ್ಕದಲ್ಲೇ ಮಾನ್ಸ್ಟರ್ ಲೆವೆಲ್ಲು ಬರೋದು. ನೀನು ತೂಕ ಏರಿಸ್ಕೊಂಡ್ರೆ ಎದುರಿಗೆ ಅದಕ್ಕಿಂತ ದಪ್ಪ ಪೈಲ್ವಾನ್‌ನ ನಿಲ್ಲಿಸ್ತಾರೆ. ತೂಕ ಹಂಗೇ ಇಟ್ಕೊಂಡು ಪಟ್ಟು ಕಲಿತವನು ಗೆಲ್ತಾನೆ, ಬರೀ ಉಂಡು ದಪ್ಪ ಆದವನು ಅಖಾಡದಲ್ಲಿ ಏದುಸಿರು ಬಿಡ್ತಾನೆ. ಇಲ್ಲಿ ಲೆವೆಲ್ಲು ಅನ್ನೋದು ತೂಕ, ಜಂಕ್ಷನ್ ಅನ್ನೋದು ಪಟ್ಟು. ಒಂದು ಲೆವೆಲ್ ಏರೋಕೆ ಯಾವಾಗ್ಲೂ 1000 ಪಾಯಿಂಟು, ಒಂದರಿಂದ ಎರಡಕ್ಕೂ ಅಷ್ಟೇ 60ರಿಂದ 61ಕ್ಕೂ ಅಷ್ಟೇ, ಹಂಗಾಗಿ ಗೊತ್ತಿಲ್ಲದೇ ಸರಸರ ಏರಿ ಬಿಡುತ್ತೆ, ಏರಿದ್ದಕ್ಕೆ ನಿನಗೆ ಸಿಗೋ ಬಲ ಮಾತ್ರ ಚೂರು. ಇನ್ನೊಂದು ಗಮನಿಸಿದೀಯೋ ಇಲ್ವೋ, ಕಥೇಲಿ ಬರೋ ಬಾಸ್‌ಗಳನ್ನ ಹೊಡೆದ್ರೆ ಲೆವೆಲ್ಲಿನ ಪಾಯಿಂಟ್ ಬರಲ್ಲ, ಜಿಎಫ್‌ಗಳು, ಅಂದ್ರೆ ಫೈಟಲ್ಲಿ ನಾವು ಸಹಾಯಕ್ಕೆ ಕರೆಯೋ ಶಕ್ತಿಗಳು, ಹೊಸ ವಿದ್ಯೆ ಕಲಿಯೋಕೆ ಬೇಕಾದ ಎಪಿ ಅನ್ನೋ ಪಾಯಿಂಟ್ ಮಾತ್ರ ಬರುತ್ತೆ. ಮಾಡಿದೋರೇ ಅಷ್ಟು ಸ್ಪಷ್ಟವಾಗಿ ಹೇಳಿಟ್ಟಿದಾರೆ, ನಮಗೆ ಕೇಳಿಸಿಲ್ಲ, ಯಾಕಂದ್ರೆ ಅದಕ್ಕಿಂತ ಮುಂಚಿನ ಎಲ್ಲಾ ಗೇಮುಗಳು ಲೆವೆಲ್ ಏರಿಸು ಲೆವೆಲ್ ಏರಿಸು ಅಂತಾನೇ ಕಲಿಸಿದ್ವು.

ಈಗ ಜಂಕ್ಷನ್. ನಿಮ್ಮ ಜಿಲ್ಲೆಯ ಚಿಕ್ಕಜಾಜೂರು ಜಂಕ್ಷನ್ ನೋಡಿದೀಯಲ್ಲ, ಚಿತ್ರದುರ್ಗದ ಲೈನು ಬಂದು ಬೆಂಗಳೂರು-ಹುಬ್ಬಳ್ಳಿ ಲೈನಿಗೆ ಕೂಡ್ಕೊಳೋ ಜಾಗ. ಇಲ್ಲೂ ಅದೇ, ಮ್ಯಾಜಿಕ್ಕನ್ನ ತಂದು ನಿನ್ನ ಶಕ್ತಿಯ ಲೈನಿಗೆ ಕೂಡಿಸೋದು. ಮ್ಯಾಜಿಕ್ ಮಾಡೋಕೆ ಬೇರೆ ಗೇಮುಗಳ ಥರ ಖರ್ಚಾಗೋ ಎಂಪಿ ಪಾಯಿಂಟ್ ಅನ್ನೋದೇ ಇಲ್ಲ, ಬೆಂಕಿ ಮಂತ್ರ 100 ಇದ್ರೆ ಅದು 100 ಕಾಳು ಇದ್ದಂಗೆ, ಒಂದು ಎಸೆದ್ರೆ 99. ಆ 100 ಕಾಳನ್ನ ಒಯ್ದು ಎಚ್‌ಪಿಗೋ, ಅಂದ್ರೆ ಜೀವದ ಪಾಯಿಂಟಿಗೋ, ಏಟಿನ ಬಲಕ್ಕೋ ಕೂಡಿಸಿದ್ರೆ ಬಲ ಏರುತ್ತೆ, ಎಸೆದಷ್ಟೂ ಇಳಿಯುತ್ತೆ. ಇದನ್ನ ಮೊದಲ ಸಲ ಅರ್ಥ ಮಾಡ್ಕೊಂಡಾಗ ನನಗೆ ಮೈ ಜುಮ್ ಅಂದಿತ್ತು, ಯಾಕಂದ್ರೆ ಲೆವೆಲ್ 10ರ ಹುಡುಗನ್ನ ಲೆವೆಲ್ 50ರವನ ಥರ ಮಾಡಬಹುದು, ಆದ್ರೆ ಮಾನ್ಸ್ಟರ್‌ಗಳು ಇನ್ನೂ 10ರ ಲೆಕ್ಕದಲ್ಲೇ ಬರ್ತಾವೆ. ಈ ಯೋಚನೆ ಹಿರೋಯುಕಿ ಇಟೋ ಅನ್ನೋರದ್ದು, ಈ ಸೀರೀಸಿಗೆ ಹೊಸ ಹೊಸ ಯುದ್ಧದ ಪದ್ಧತಿ ತಂದೋರು, ಮುಂದೆ 12ನೇದ್ರಲ್ಲೂ ಅವರದ್ದೇ ಕೈ ಐತೆ. 1999ರಲ್ಲಿ, ಅದೂ 7ನೇದು ದುನಿಯಾ ತುಂಬಾ ಹೆಸರು ಮಾಡಿ ಬರೀ ಎರಡು ವರ್ಷ ಆದಾಗ, ಅದೇ ದಾರೀಲಿ ಇನ್ನೊಂದು ಮಾಡಿ ಮಾರಬಹುದಿತ್ತು. ಹಂಗೆ ಮಾಡದೇ ಬುಡಸಮೇತ ಕಿತ್ತು ಹೊಸದು ನೆಟ್ರಲ್ಲ, ಆ ಧೈರ್ಯಕ್ಕೆ ನನಗೆ ಇವತ್ತಿಗೂ ಗೌರವ ಐತೆ.

ಆದ್ರೆ ತಪ್ಪೂ ಅಲ್ಲೇ ಐತೆ. ಈ ಪದ್ಧತೀಲಿ ಮ್ಯಾಜಿಕ್ ಕೂಡಿಸೋಕೆ ಎರಡು ದಾರಿ. ಒಂದು ಡ್ರಾ, ಅಂದ್ರೆ ಫೈಟಲ್ಲಿ ನಿಂತು ಮಾನ್ಸ್ಟರ್ ಮೈಯಿಂದ ಎಳ್ಕೊಳೋದು. ಇನ್ನೊಂದು ಸಾಮಾನಿಂದ ಮ್ಯಾಜಿಕ್ ತೆಗೆಯೋದು. ಗೇಮು ಶುರುವಲ್ಲಿ ಗಂಟಲು ಹರಿದು ಹೇಳಿಕೊಡೋದು ಮೊದಲನೇದನ್ನ, ಅದು ಬೇಜಾರಿನ ದಾರಿ. ಒಂದು ಸಲಕ್ಕೆ ಹೆಚ್ಚಂದ್ರೆ 9 ಸಿಗುತ್ತೆ, 100 ಆಗಬೇಕಂದ್ರೆ ಎಷ್ಟು ಅದೃಷ್ಟ ಇದ್ರೂ 12 ಸಲ ಎಳೀಬೇಕು, ಅದು ಒಬ್ಬನಿಗೆ, ಒಂದು ಮ್ಯಾಜಿಕ್ಕಿಗೆ. ಮೂರು ಜನ, ಹತ್ತು ಥರ ಮ್ಯಾಜಿಕ್ಕು, ಲೆಕ್ಕ ಹಾಕು. ಒಬ್ಬ ಬಡಪಾಯಿ ಮಾನ್ಸ್ಟರ್‌ನ ಸಾಯಿಸದೇ ಅರ್ಧ ಗಂಟೆ ಎದುರಿಗೆ ನಿಲ್ಲಿಸ್ಕೊಂಡು ಎಳೆಯೋದು ಆಟನೇ ಅಲ್ಲ, ಅದು ಕೂಲಿ. ಈ ಗೇಮನ್ನ ಬೈಯೋರಲ್ಲಿ ಮುಕ್ಕಾಲು ಪಾಲು ಜನ ಈ ಕೂಲಿ ಮಾಡಿ ಸುಸ್ತಾದೋರೇ, ಅವರ ಬೈಗುಳ ನ್ಯಾಯವಾದದ್ದು, ಅವರಿಗೆ ಆಡೋಕೆ ಬರಲ್ಲ ಅಂತ ಹೇಳೋದು ತಪ್ಪು. ಒಳ್ಳೆ ದಾರಿನ ಮೆನು ಒಳಗೆ ಮೆನು ಒಳಗೆ ಹುದುಗಿಸಿಟ್ಟು ಕೆಟ್ಟ ದಾರಿಗೆ ಬೋರ್ಡ್ ಹಾಕಿದ್ದು ಗೇಮಿನದೇ ತಪ್ಪು.

ಆ ಎರಡನೇ ದಾರಿ ನೋಡು ಎಷ್ಟು ಚೆನ್ನಾಗೈತೆ. ನಮ್ಮೂರಿನ ಮಂಡಕ್ಕಿ ಭಟ್ಟಿ ಕೆಲಸ ನೋಡಿದೀಯಾ? ಭತ್ತ ಬರುತ್ತೆ, ನೆನೆಸಿ ಬೇಯಿಸಿ ಅಕ್ಕಿ ಮಾಡಿ ಕಾದ ಮರಳಲ್ಲಿ ಹುರಿದ್ರೆ ಮಂಡಕ್ಕಿ, ಅದಕ್ಕೆ ಖಾರ ಹಾಕಿ ಕಲಸಿ ಪಕ್ಕದಲ್ಲಿ ಮಿರ್ಚಿ ಇಟ್ರೆ ಬೆಲೆನೇ ಬೇರೆ. ಒಂದೊಂದು ಹಂತದಲ್ಲೂ ಒಂದೇ ವಸ್ತು ಬೇರೆ ಆಗ್ತಾ ಹೋಗುತ್ತೆ. ಗೇಮಲ್ಲೂ ಹಂಗೇ: ಮಾನ್ಸ್ಟರ್‌ನ ಕಾರ್ಡ್ ಮಾಡು, ಕಾರ್ಡಿಂದ ಸಾಮಾನು ಮಾಡು, ಸಾಮಾನಿಂದ ಮ್ಯಾಜಿಕ್ ತೆಗಿ, ಮ್ಯಾಜಿಕ್ಕನ್ನ ಮೈಗೆ ಕೂಡಿಸು. ಕ್ವೆಜಾಕೋಟ್ಲ್ ಅನ್ನೋ ನಿನ್ನ ಮೊದಲನೇ ಜಿಎಫ್ಫೇ 'ಕಾರ್ಡ್' ಅನ್ನೋ ಕಮಾಂಡನ್ನೂ 'ಕಾರ್ಡ್ ಮಾಡ್' ಅನ್ನೋದನ್ನೂ ಕಲಿಯುತ್ತೆ. ಮಾನ್ಸ್ಟರ್‌ನ ಹೊಡೆದು ಸುಸ್ತು ಮಾಡಿ ಕಾರ್ಡ್ ಮಾಡಿದ್ರೆ ಲೆವೆಲ್ಲಿನ ಪಾಯಿಂಟ್ ಬರಲ್ಲ, ಎಪಿ ಬರುತ್ತೆ, ಕೈಗೊಂದು ಕಾರ್ಡೂ ಬರುತ್ತೆ. ತೂಕ ಏರದೇ ಪಟ್ಟು ಕಲಿಯೋ ದಾರಿ ಅಂದ್ರೆ ಇದೇ. ಉದಾಹರಣೆ ಹೇಳ್ತೀನಿ, ನೀನೀಗ ಇರೋ ಜೈಲಿನ ಸುತ್ತ ಮರಳುಗಾಡು ಐತಲ್ಲ, ಅಲ್ಲಿ ಅಬಿಸ್ ವರ್ಮ್ ಅನ್ನೋ ದೊಡ್ಡ ಹುಳ ಸಿಗುತ್ತೆ, ಅದರ ಒಂದು ಕಾರ್ಡಿಂದ ಒಂದು ವಿಂಡ್‌ಮಿಲ್, ಒಂದು ವಿಂಡ್‌ಮಿಲ್‌ನಿಂದ 20 ಟೊರ್ನಾಡೋ ಮಂತ್ರ. ಐದು ಕಾರ್ಡಿಗೆ 100. ಅದನ್ನ ಏಟಿನ ಬಲಕ್ಕೆ ಕೂಡಿಸಿ ನೋಡು, ಐದು ನಿಮಿಷದ ಫೈಟು ಎಲ್ಲಿಗೆ ಇಳಿಯುತ್ತೆ ಅಂತ.

ಆ ಕಾರ್ಡುಗಳ ಬಗ್ಗೆನೇ ಒಂದು ಮಾತು ಹೇಳದಿದ್ರೆ ನನಗೆ ಸಮಾಧಾನ ಇಲ್ಲ. ಟ್ರಿಪಲ್ ಟ್ರಯಾಡ್ ಅಂತ ಗೇಮಿನೊಳಗಿನ ಗೇಮು, ಮೂರು ಮನೆ ಮೂರು ಸಾಲಿನ ಪಟ್ಟಿ, ಒಬ್ಬೊಬ್ಬರ ಕೈಲಿ 5 ಕಾರ್ಡು, ಕಾರ್ಡಿನ ನಾಲ್ಕು ಕಡೆ ನಾಲ್ಕು ಅಂಕಿ, ಪಕ್ಕದ ಕಾರ್ಡಿಗಿಂತ ನಿನ್ನ ಅಂಕಿ ದೊಡ್ಡದಿದ್ರೆ ಅದು ನಿನ್ನದಾಗುತ್ತೆ. ಒಟ್ಟು 110 ಕಾರ್ಡು. ಎರಡು ನಿಮಿಷದಲ್ಲಿ ಕಲೀಬಹುದು, ಚೌಕಾಬಾರ ಥರ ಕೂತ್ರೆ ಏಳೋಕೆ ಮನಸಾಗಲ್ಲ. ನಮ್ಮ ಪಾರ್ಲರ್‌ಗೆ ಬರ್ತಿದ್ದ ಹಾಸ್ಟೆಲ್ ಹುಡುಗನೊಬ್ಬ ರಟ್ಟು ಕತ್ತರಿಸಿ ಸ್ಕೆಚ್ ಪೆನ್ನಲ್ಲಿ ಬರೆದು ಕಾರ್ಡ್ ಮಾಡ್ಕೊಂಡು ಬಂದಿದ್ದ, ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿ ಅದನ್ನ ಆಡ್ತಿದ್ವಿ. ಲೆವೆಲ್ ಏರಿಸಬೇಡ ಅಣ್ಣಾ ಕಾರ್ಡ್ ಆಡು ಅಂತ ನನಗೆ ಮೊದಲು ಹೇಳಿದ್ದೂ ಅವನೇ. ಇದರ ಒಂದೇ ಕಿರಿಕಿರಿ ಅಂದ್ರೆ ನಿಯಮಗಳು ಊರಿಂದ ಊರಿಗೆ ಅಂಟು ಜಾಡ್ಯದ ಥರ ಹರಡ್ತಾವೆ, 'ರ್‍ಯಾಂಡಮ್' ಅನ್ನೋ ನಿಯಮ ಒಂದು ಸಲ ಅಂಟಿದ್ರೆ ನಿನ್ನ ಒಳ್ಳೆ ಕಾರ್ಡು ನೀನೇ ಆರಿಸ್ಕೊಳೋಕಾಗಲ್ಲ. ಬೇರೆ ಊರಿನ ನಿಯಮ ಕೂಡಿಸಿ ಆಡೋಣ್ವಾ ಅಂತ ಯಾರಾದ್ರೂ ಕೇಳಿದ್ರೆ ಬೇಡ ಅನ್ನು, ಮತ್ತೆ ಮಾತಾಡ್ಸು.

ಸರಿ, ಇಷ್ಟೆಲ್ಲ ಗೊತ್ತಾದ ಮೇಲೆ ಇನ್ನೊಂದು ತಪ್ಪು ಎದುರಾಗುತ್ತೆ, ಇದನ್ನ ಹೊಗಳೋರು ಹೇಳಲ್ಲ. ಗೊತ್ತಿಲ್ಲದವನಿಗೆ ಈ ಗೇಮು ನುಂಗಲಾರದ ತುತ್ತು, ಗೊತ್ತಾದವನಿಗೆ ಬಾಯಲ್ಲಿಟ್ರೆ ಕರಗೋ ಬೆಣ್ಣೆ. ನಡುವೆ, ಪಟ್ಟು ಹಾಕಿ ಬೆವರಿ ಗೆಲ್ಲೋ ಹದ ಅನ್ನೋದು ಇರಬೇಕಲ್ಲ, ಆ ಜಾಗ ಇದರಲ್ಲಿ ತುಂಬಾ ಸಣ್ಣದು. ಮೊದಲ ಸಿಡಿ ಮುಗಿಯೋದ್ರೊಳಗೆ ಸ್ಕ್ವಾಲ್‌ನ ಕೊನೇ ಕತ್ತಿ ಲಯನ್ ಹಾರ್ಟ್ ಮಾಡ್ಕೊಳೋರು ಇದಾರೆ, ಆಮೇಲೆ ಬಾಸ್ ಬಾಯಿ ತೆರೆಯೋ ಮುಂಚೆ ಮುಗಿದು ಹೋಗುತ್ತೆ. ಎಚ್‌ಪಿ ಕಮ್ಮಿ ಇದ್ದಾಗ ಬರೋ ಲಿಮಿಟ್ ಬ್ರೇಕ್ ಅನ್ನೋ ದೊಡ್ಡ ಏಟು ಐತಲ್ಲ, ಸರದಿ ಬಂದಾಗ ಸರದಿ ದಾಟಿಸೋ ಬಟನ್ ಒತ್ತಿ ಒತ್ತಿ ಬಿಟ್ರೆ ಅದು ಬರೋ ತನಕ ಮತ್ತೆ ಮತ್ತೆ ಚಾನ್ಸ್ ಸಿಗುತ್ತೆ, ಅಂದ್ರೆ ಬೇಕಂತಲೇ ಅರೆಜೀವ ಆಗಿ ನಿಂತು ಹೊಡೆಯೋದೇ ಲಾಭ. ಇನ್ನೊಬ್ಬರಿಗೆ ಔಷಧಿ ಕೊಟ್ಟು ಕಾಪಾಡೋ ಅವಶ್ಯಕತೆನೇ ಹೋಗುತ್ತೆ. ಗೆಳೆಯರು ಒಬ್ಬರಿಗೊಬ್ಬರು ಆಗೋ ಕಥೆ ಇರೋ ಗೇಮಲ್ಲಿ ಫೈಟು ಹಿಂಗಿರೋದು ನನಗೆ ಸರಿ ಕಾಣಲ್ಲ.

ಅದರ ಜೊತೆಗೇ ಇನ್ನೊಂದು, ನಿನ್ನ ತಂಡದ ಆರು ಜನರಿಗೂ ಸ್ವಂತ ಅನ್ನೋ ಗುಣ ಕಮ್ಮಿ. ಲಿಮಿಟ್ ಬ್ರೇಕ್ ಬಿಟ್ರೆ ಯಾರಿಗೆ ಯಾವ ಜಿಎಫ್ ಕಟ್ತೀಯೋ ಅವನು ಅದೇ ಆಗ್ತಾನೆ, ಜೆಲ್ ಆದ್ರೇನು ಸೆಲ್ಫಿ ಆದ್ರೇನು. ಕಥೆ ಬೇರೆ ಆಗಾಗ ಗುಂಪು ಒಡೆದು ಬೇರೆ ಬೇರೆ ಮಾಡುತ್ತೆ, ಪ್ರತಿ ಸಲ ಮೆನುಗೆ ಹೋಗಿ ಒಬ್ಬರ ಜಂಕ್ಷನ್ ಇನ್ನೊಬ್ಬರಿಗೆ ಬದಲಾಯಿಸ್ಬೇಕು. ಮರೆತು ಫೈಟಿಗೆ ಹೋದ್ರೆ ಬರಿಗೈಲಿ ನಿಂತಿರ್ತೀಯ.

ಒಳ್ಳೇದು ಹೇಳ್ತೀನಿ ಕೇಳು. ದುಡ್ಡಿನ ವಿಷಯ. ಮಾನ್ಸ್ಟರ್ ಹೊಡೆದ್ರೆ ದುಡ್ಡು ಉದುರಲ್ಲ, ಸ್ಕ್ವಾಲ್ ಸೀಡ್ ಅನ್ನೋ ಪಡೆಯ ನೌಕರ, ಅವನಿಗೆ ಸಂಬಳ ಬರುತ್ತೆ, ನಡೀತಾ ನಡೀತಾ ಸಂಬಳ ಬಿತ್ತು ಅಂತ ತೋರಿಸುತ್ತೆ. ರ್‍ಯಾಂಕ್ ಏರಿಸ್ಕೊಳೋಕೆ ಮೆನುವಲ್ಲಿ ಟ್ಯುಟೋರಿಯಲ್ ಒಳಗೆ ಪರೀಕ್ಷೆ ಇದಾವೆ, ಒಟ್ಟು 30, ಒಂದೊಂದರಲ್ಲೂ 10 ಪ್ರಶ್ನೆ, ಹೌದು-ಇಲ್ಲ ಅಷ್ಟೇ ಉತ್ತರ, ಹತ್ತೂ ಸರಿ ಇರಬೇಕು. ಎಷ್ಟನೇ ಪರೀಕ್ಷೆ ತನಕ ಬರೀಬಹುದು ಅನ್ನೋದು ಸ್ಕ್ವಾಲ್ ಲೆವೆಲ್ ಮೇಲೆ. ಇಲ್ಲೇ ನಿನ್ನ 38 ಉಪಯೋಗಕ್ಕೆ ಬರೋದು, ನೀನು ಮೂವತ್ತೂ ಬರೀಬಹುದು. ಹದಿನೇಳು ವರ್ಷದ ಹುಡುಗ, ಹಾಸ್ಟೆಲ್ ಥರದ ಗಾರ್ಡನ್ನಲ್ಲಿ ಬೆಳೆದೋನು, ಮೊದಲ ಕೆಲಸ ಮೊದಲ ಸಂಬಳ. ಆಗ ನನಗೂ ಹೆಚ್ಚು ಕಮ್ಮಿ ಅದೇ ವಯಸ್ಸು, ಪಾರ್ಲರ್ ಗಲ್ಲಾ ಪೆಟ್ಟಿಗೆ ಲೆಕ್ಕ ನನ್ನ ತಲೆ ಮೇಲೆ, ಆ ಸಂಬಳದ ಸದ್ದು ಕೇಳಿದಾಗ ಯಾರೋ ನನ್ನನ್ನ ನೋಡಿ ಬರೆದಂಗೆ ಅನಿಸ್ತಿತ್ತು.

ಸ್ಕ್ವಾಲ್ ಬಗ್ಗೆ ಜನ ಸಿಡುಕು ಮೋರೆಯವನು ಅಂತಾರೆ. ನನಗೆ ಅವನು ಈ ಸೀರೀಸಲ್ಲಿ ಎಲ್ಲರಿಗಿಂತ ನಿಜವಾದ ಮನುಷ್ಯ. ಬಾಯಲ್ಲಿ ಆಡೋದು ಎರಡು ಮಾತು, ಮನಸಲ್ಲಿ ಇಪ್ಪತ್ತು, ಆ ಮನಸಿನ ಮಾತೆಲ್ಲ ನಮಗೆ ಓದೋಕೆ ಸಿಗುತ್ತೆ, ಪಕ್ಕದಲ್ಲಿರೋರಿಗೆ ಕೇಳಲ್ಲ. ಯಾರನ್ನಾದ್ರೂ ಹಚ್ಚಿಕೊಂಡ್ರೆ ಒಂದಿನ ಬಿಟ್ಟು ಹೋಗ್ತಾರೆ, ಅದಕ್ಕೆ ಹಚ್ಚಿಕೊಳ್ಳೋದೇ ಬೇಡ ಅನ್ನೋನು ಅವನು. ಅವನ್ನ ಕೈ ಹಿಡಿದು ಡ್ಯಾನ್ಸಿಗೆ ಎಳ್ಕೊಂಡು ಹೋಗ್ತಾಳಲ್ಲ ರಿನೋವಾ, ಆ ದೃಶ್ಯ ನೀನು ನೋಡಿ ಬಂದಿದೀಯ, ಒಂದು ಮಾತಿಲ್ಲ, ಅವನ ಹೆಜ್ಜೆ ತಪ್ಪುತ್ತೆ, ಬೇರೆಯವರಿಗೆ ಡಿಕ್ಕಿ ಹೊಡೀತಾನೆ, ಬಿಟ್ಟು ಹೋಗೋಕೆ ನೋಡ್ತಾನೆ, ಅವಳು ಬಿಡಲ್ಲ. 1999ರಲ್ಲಿ ಅದನ್ನ ಟಿವೀಲಿ ತೋರಿಸಿದ್ರು ಅಂದ್ರೆ ನಂಬೋಕಾಗ್ತಿರಲಿಲ್ಲ. 7ರಲ್ಲಿ ಓಡಾಡುವಾಗ ಗೊಂಬೆ ಥರ ಪುಟ್ಟ ಆಕಾರ ಇತ್ತಲ್ಲ, ಇದರಲ್ಲಿ ಎಲ್ಲಾ ಕಡೆ ಮನುಷ್ಯರ ಅಳತೆಯ ಆಕಾರ. ನೊಬುವೊ ವೆಮಾತ್ಸು ಅವರ ಸಂಗೀತ, ಶುರುವಿನ ಆ ಲ್ಯಾಟಿನ್ ಕೋರಸ್ಸು, ಸ್ಕ್ವಾಲ್‌ಗೆ ಬೀಳೋ ಲಗೂನಾ ಅನ್ನೋ ಸಿಪಾಯಿಯ ಕನಸಲ್ಲಿ ಬರೋ ಫೈಟಿನ ಹಾಡು, ಫೇ ವಾಂಗ್ ಹಾಡಿರೋ 'ಐಸ್ ಆನ್ ಮಿ'. ಆ ಹಾಡು ಕಥೇಲಿ ಯಾವಾಗ ಬರುತ್ತೆ ಅಂತ ಹೇಳಲ್ಲ, ಬಂದಾಗ ಕಂಟ್ರೋಲರ್ ಕೆಳಗಿಟ್ಟು ಸುಮ್ನೆ ನೋಡು.

ಆದ್ರೆ ಕಥೆ ಪೂರ್ತಿ ನಿಲ್ಲುತ್ತಾ ಅಂದ್ರೆ ಇಲ್ಲ. ಮೊದಲ ಅರ್ಧ ಗಟ್ಟಿ, ಶಾಲೆ, ಪರೀಕ್ಷೆ, ಮೊದಲ ಯುದ್ಧ, ಮೆರವಣಿಗೆ ರಾತ್ರಿ, ಒಂದಕ್ಕೊಂದು ಹೆಣೆದಂಗೆ ಹೋಗುತ್ತೆ. ಮುಂದೆ ಹಿಮದ ನಾಡಿನ ಇನ್ನೊಂದು ಗಾರ್ಡನ್ನಲ್ಲಿ ಒಂದು ಬಾಸ್ಕೆಟ್‌ಬಾಲ್ ಕೋರ್ಟಿನ ದೃಶ್ಯ ಬರುತ್ತೆ, ಎಲ್ಲರೂ ಕೂತು ಮಾತಾಡ್ತಾರೆ, ಅಲ್ಲಿ ಒಂದು ದೊಡ್ಡ ಗುಟ್ಟು ಹೊರಗೆ ಬರುತ್ತೆ. ಗುಟ್ಟು ಚೆನ್ನಾಗೈತೆ, ಆದ್ರೆ ಅದಕ್ಕೆ ಮುಂಚೆಯಿಂದ ಬೀಜ ಹಾಕಿದ್ದು ಕಮ್ಮಿ, ಹಂಗಾಗಿ ಮೊದಲ ಸಲ ಕೇಳಿದಾಗ ಇದೇನು ಆಕಾಶದಿಂದ ಬಿತ್ತು ಅನಿಸುತ್ತೆ. ಎರಡನೇ ಸಲ ಆಡುವಾಗ ಅರ್ವಿನ್ ಅನ್ನೋನ ಮಾತುಗಳನ್ನ ಗಮನಿಸಿದ್ರೆ ಸ್ವಲ್ಪ ಬೀಜ ಕಾಣುತ್ತೆ. ನಿಜವಾದ ವೈರಿ ಯಾರು ಅಂತ ಗೊತ್ತಾಗೋದು ತುಂಬಾ ತಡ, ಅವಳು ಯಾಕೆ ಹಂಗಾದ್ಲು ಅಂತ ನಾಲ್ಕು ಮಾತೂ ಸರಿಯಾಗಿ ಹೇಳಲ್ಲ. ಲಗೂನಾಗೂ ಮುಖ್ಯ ಕಥೆಗೂ ಇರೋ ಸಂಬಂಧ ಬಾಯಿಬಿಟ್ಟು ಹೇಳದೇ ಸೂಚನೆ ಕೊಟ್ಟು ಬಿಡ್ತಾರೆ, ಅದು ನನಗೆ ಇಷ್ಟ, ಎಲ್ಲಾನೂ ಬಿಡಿಸಿ ಹೇಳಬೇಕಂತಿಲ್ಲ. ಬೇಜಾರು ಏನಂದ್ರೆ ಕೊನೇ ಮೂರನೇ ಒಂದು ಭಾಗ ಪೂರ್ತಿ ಸ್ಕ್ವಾಲ್-ರಿನೋವಾದ್ದೇ ಆಗಿ, ಕ್ವಿಸ್ಟಿಸ್, ಜೆಲ್, ಸೆಲ್ಫಿ ಎಲ್ಲಾ ಮದುವೆ ಮನೇಲಿ ಗೋಡೆಗೆ ಒರಗಿ ನಿಂತ ನೆಂಟರ ಥರ ಆಗ್ಬಿಡ್ತಾರೆ. ಕ್ವಿಸ್ಟಿಸ್‌ಗೆ ಅಷ್ಟು ಒಳ್ಳೆ ಶುರು ಕೊಟ್ಟು, 18ನೇ ವಯಸ್ಸಿಗೇ ಮೇಷ್ಟ್ರು ಕೆಲಸ ಕಳ್ಕೊಂಡ ಹುಡುಗಿ, ಅವಳನ್ನ ಅಲ್ಲಿಗೇ ಕೈ ಬಿಟ್ಟಿದ್ದು ನನಗೆ ಇನ್ನೂ ನೋವು.

ಈಗ ನಿನ್ನ ಸೇವ್ ಸರಿ ಮಾಡೋ ಕೆಲಸ. ಮೊದಲು ಸೀಡ್ ಪರೀಕ್ಷೆ ಮುಗಿಸು, ಸಂಬಳ ಏರಲಿ. ಡೋಲೆಟ್ ಊರಲ್ಲಿ ಎಲ್ವೊರೆಟ್ ಬಾಸ್ ಹತ್ರ ಸೈರೆನ್ ಅನ್ನೋ ಜಿಎಫ್ ಡ್ರಾ ಮಾಡ್ಕೊಂಡಿದ್ರೆ ಅದಕ್ಕೆ 'ಲೈಫ್ ಮ್ಯಾಜಿಕ್ ರಿಫೈನ್' ಕಲಿಸು, ಆಮೇಲೆ ಅಂಗಡೀಲಿ ಟೆಂಟ್ ತಗೋ, ಒಂದಕ್ಕೆ ಗೇಮಿನ ದುಡ್ಡಲ್ಲಿ 1000 ಗಿಲ್, ಒಂದು ಟೆಂಟಿಂದ ಕ್ಯೂರಾಗ ಅನ್ನೋ ಗಾಯ ವಾಸಿ ಮಾಡೋ ಮಂತ್ರ 10 ಬರುತ್ತೆ. ಒಬ್ಬರಿಗೆ 10 ಟೆಂಟು, ಮೂವರಿಗೆ 30, ಸಂಬಳ ಏರಿದ ಮೇಲೆ ಇದೇನು ದೊಡ್ಡ ದುಡ್ಡಲ್ಲ. 100 ಕ್ಯೂರಾಗನ ಎಚ್‌ಪಿಗೆ ಕೂಡಿಸಿದ್ರೆ 2200 ಎಚ್‌ಪಿ ಹೆಚ್ಚಾಗುತ್ತೆ, ಅರ್ಧ ಕಷ್ಟ ಅಲ್ಲೇ ಹೋಯ್ತು. ಆ ಕ್ಯೂರಾಗನ ಫೈಟಲ್ಲಿ ಎಸೆದು ಖರ್ಚು ಮಾಡಬೇಡ, ಅದು ಬಿತ್ತನೆ ಬೀಜ ಇದ್ದಂಗೆ, ಉಣ್ಣೋಕಲ್ಲ. ಟೊರ್ನಾಡೋ ವಿಷಯ ಆಗ್ಲೇ ಹೇಳಿದೀನಿ. ಸೈರೆನ್ ತಪ್ಪಿಸ್ಕೊಂಡಿದ್ರೆ ಗಾಬರಿ ಬೇಡ, ಹಂಗೆ ಬಾಸ್‌ಗಳ ಹತ್ರ ತಪ್ಪಿಹೋದ ಜಿಎಫ್‌ಗಳು ಕೊನೇ ಕೋಟೆಯ ಬಾಸ್‌ಗಳ ಹತ್ರ ಮತ್ತೆ ಸಿಗ್ತಾವೆ, ಇದು ಮಾಡಿದೋರ ದೊಡ್ಡ ಮನಸ್ಸು.

ಇವತ್ತಿಂದ ದಾರಿ ಮಧ್ಯದ ಫೈಟು ಕಮ್ಮಿ ಮಾಡು. ಟಿಂಬರ್ ಊರಿಗೆ ಹೊರಡೋ ಮುಂಚೆ ಗಾರ್ಡನ್ ಹೆಡ್‌ಮಾಸ್ಟರ್ ಸಿಡ್ ಕೊಟ್ಟ ಲ್ಯಾಂಪ್ ಇನ್ನೂ ಹಂಗೇ ಇಟ್ಕೊಂಡಿದೀಯಾ? ಅದರೊಳಗೆ ಡಿಯಾಬ್ಲೋಸ್ ಅನ್ನೋ ಜಿಎಫ್ ಇದಾನೆ, ಸೇವ್ ಮಾಡ್ಕೊಂಡು ಹೊಡೆದು ಗೆಲ್ಲು, ಅವನು ಮೊದಲು ಫೈಟನ್ನ ಅರ್ಧ ಮಾಡೋದು, ಆಮೇಲೆ ಪೂರ್ತಿ ನಿಲ್ಲಿಸೋದು ಕಲೀತಾನೆ. ನಿನ್ನ ರೀಮಾಸ್ಟರ್ಡ್‌ನಲ್ಲಿ ಫೈಟು ಬರದಂಗೆ ಮಾಡೋ ಬಟನ್ನು ಸೀದಾ ಕೊಟ್ಟಿದಾರೆ, ಮೂರು ಪಟ್ಟು ವೇಗದ್ದೂ ಐತೆ. ವೇಗದ್ದನ್ನ ಧಾರಾಳವಾಗಿ ಬಳಸು, ಹಳೇದ್ರಲ್ಲಿ ಜಿಎಫ್ ಕರೆದ್ರೆ ಅದರ ಸಿನಿಮಾ ಪೂರ್ತಿ ಪ್ರತಿ ಸಲ ನೋಡಲೇಬೇಕಿತ್ತು, ಚೆನ್ನಾಗಿದ್ವು, ಆದ್ರೆ ಐವತ್ತನೇ ಸಲಕ್ಕೆ ಯಾರಿಗೆ ಬೇಕು. ಎಚ್‌ಪಿ ತುಂಬಿಸಿ ಲಿಮಿಟ್ ಬ್ರೇಕ್ ಯಾವಾಗ್ಲೂ ಕೊಡೋ ಬಟನ್ ಮಾತ್ರ ಮುಟ್ಟಬೇಡ ತಮ್ಮಾ, ಮೊದಲೇ ಸಲೀಸಾಗೋ ಗೇಮಲ್ಲಿ ಉಳಿದಿರೋ ಚೂರು ರುಚಿನೂ ಹೋಗುತ್ತೆ. ರೀಮಾಸ್ಟರ್ಡ್ ಬಗ್ಗೆ ನನ್ನ ತಕರಾರು ಒಂದೇ, 2019ರಲ್ಲಿ ಬಂದಿದ್ದು, ಮನುಷ್ಯರ ಮುಖ ಹೊಸದಾಗಿ ನೀಟಾಗಿ ಮಾಡಿದಾರೆ, ಹಿಂದಿನ ಚಿತ್ರಗಳು ಹಳೇದೇ ಮಸಮಸ, ಹಂಗಾಗಿ ಹೊಸ ಬಟ್ಟೆ ಹಾಕ್ಕೊಂಡೋರು ಬಣ್ಣ ಮಾಸಿದ ಪರದೆ ಮುಂದೆ ನಿಂತಂಗೆ ಕಾಣುತ್ತೆ. ಹಳೇ ಡಬ್ಬಾ ಟಿವೀಲಿ ಎರಡೂ ಒಂದೇ ಹದಕ್ಕೆ ಬೆರೆತು ಕಾಣ್ತಿತ್ತು.

ಕತ್ತಿ ಬೀಸುವಾಗ ಸರಿಯಾದ ಹೊತ್ತಿಗೆ ಆರ್1 ಒತ್ತೋದು ರೂಢಿ ಮಾಡ್ಕೋ, ಸ್ಕ್ವಾಲ್ ಏಟು ಜೋರಾಗುತ್ತೆ, ಕೈಗೂ ಒಂದು ಕೆಲಸ ಇರುತ್ತೆ.

ಕೊನೇ ಕೋಟೆ ಬಗ್ಗೆ ಈಗ್ಲೇ ಹೇಳಿಟ್ಟಿರ್ತೀನಿ, ಆಮೇಲೆ ಹೇಳಿದ್ರೆ ತಡ ಆಗುತ್ತೆ. ನಿಮ್ಮೂರದ್ದು ಏಳು ಸುತ್ತಿನ ಕೋಟೆ, ಒಂದೊಂದು ಬಾಗಿಲು ದಾಟಿ ಮೇಲೆ ಹೋಗಬೇಕು, ಇದರಲ್ಲಿ ಎಂಟು ಬಾಸ್. ಒಳಗೆ ಕಾಲಿಟ್ಟ ಕೂಡಲೇ ನಿನ್ನ ಕೈಕಾಲು ಕಟ್ಟಿದಂಗೆ, ಐಟಮ್ ಇಲ್ಲ, ಮ್ಯಾಜಿಕ್ ಇಲ್ಲ, ಜಿಎಫ್ ಇಲ್ಲ, ಡ್ರಾ ಇಲ್ಲ, ಲಿಮಿಟ್ ಬ್ರೇಕ್ ಇಲ್ಲ, ಸತ್ತವರನ್ನ ಎಬ್ಬಿಸೋಕಿಲ್ಲ, ಸೇವ್ ಮಾಡೋಕೂ ಇಲ್ಲ. ಒಬ್ಬೊಬ್ಬ ಬಾಸ್‌ನ ಹೊಡೆದಾಗ ಒಂದೊಂದು ನಿನಗೆ ಇಷ್ಟ ಬಂದಿದ್ದನ್ನ ಬಿಡಿಸ್ಕೋಬಹುದು. ಇಡೀ ಗೇಮಲ್ಲಿ ನಾನು ಕೇಳ್ತಿದ್ದ ಆ ಹದ ಇಲ್ಲಿ ಬರುತ್ತೆ, ಯಾವುದನ್ನ ಮೊದಲು ಬಿಡಿಸ್ಕೊಳ್ಳಿ ಅಂತ ನಾನು ಪೇಪರಲ್ಲಿ ಬರೆದು ಯೋಚನೆ ಮಾಡಿದ್ದೆ, ಮೊದಲು ಬಿಡಿಸ್ಕೊಂಡಿದ್ದು ಸೇವ್, ಕರೆಂಟಿನ ಭಯಕ್ಕೆ. ಇಂಥ ಯೋಚನೆ ಇನ್ನೂ ನಾಲ್ಕು ಕಡೆ ಹಾಕಿದ್ರೆ ಈ ಗೇಮಿನ ಬಗ್ಗೆ ಜಗಳನೇ ಇರ್ತಿರಲಿಲ್ಲ. ಮತ್ತೆ ಅಲ್ಲಿಗೆ ಹೋಗೋ ಹೊತ್ತಿಗೆ ಹೊರಗಿನ ಊರುಗಳ ಬಾಗಿಲು ಮುಚ್ಚಿರ್ತಾವೆ, ಅಂಗಡಿ ಕೆಲಸ, ಕತ್ತಿ ಕೆಲಸ, ಬಿಟ್ಟು ಹೋದ ಸಣ್ಣಪುಟ್ಟ ಕಥೆಗಳು, ಎಲ್ಲ ಮುಂಚೆನೇ ಮುಗಿಸು, ಬೇರೆ ಸ್ಲಾಟಲ್ಲಿ ಒಂದು ಸೇವ್ ಇಟ್ಟಿರು. ಕಟ್ಟಕಡೇ ಫೈಟಲ್ಲಿ ಮೂವರನ್ನ ನೀನು ಆರಿಸಲ್ಲ, ಗೇಮೇ ಆರು ಜನರಲ್ಲಿ ಯಾರನ್ನೋ ಎತ್ತಿ ನಿಲ್ಲಿಸುತ್ತೆ. ಹಂಗಾಗಿ ಇಷ್ಟದ ಮೂವರಿಗೇ ಎಲ್ಲಾ ಮ್ಯಾಜಿಕ್ ತುಂಬಬೇಡ, ಆರೂ ಜನರಿಗೆ ಹಂಚು. ನಾನು ಹಂಚಿರಲಿಲ್ಲ, ಸೆಲ್ಫಿ ಬರಿಗೈಲಿ ಬಂದು ನಿಂತ್ಲು.

ಈಗ ಜೈಲಿಂದ ಹೊರಗೆ ಬಾ, ಮೂವತ್ತು ಪರೀಕ್ಷೆ ಬರಿ, ಐದು ಹುಳ ಹಿಡಿ. ಆ ಬಾಸ್ಕೆಟ್‌ಬಾಲ್ ಕೋರ್ಟ್ ತನಕ ಹೋದ ಮೇಲೆ ಮತ್ತೆ ಬರಿ, ಆಗ ನಿನ್ನ ಲೆವೆಲ್ ಎಷ್ಟಿರುತ್ತೆ ನೋಡೋಣ, 42 ದಾಟಿರಬಾರದು.